ಹಳೆಯ ಕಂಪ್ಯೂಟರಿನ ಎಮ್ಯುಲೇಟರನ್ನು ಬೂಟ್ ಆಗುವಾಗಲೇ ಹಿನ್ನೆಲೆ ಸರ್ವೀಸಾಗಿ ಓಡಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆಯ ಪುಸ್ತಕದ ಕಪಾಟಿನ ಮೇಲೆ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಒಂದು ಕಂಪ್ಯೂಟರ್ ಇದೆ. ಅದರೊಳಗೆ ಹಗಲೂ ರಾತ್ರಿ ಪಿಡಿಪಿ-11 ಎಂಬ ಹಳೆಯ ಕಂಪ್ಯೂಟರಿನ ಎಮ್ಯುಲೇಟರ್, ಅಂದರೆ ಅದನ್ನು ಅನುಕರಿಸುವ ಪ್ರೋಗ್ರಾಮ್, ಓಡುತ್ತಿರುತ್ತದೆ; ಅದರ ಮೇಲೆ 2.11 ಬಿಎಸ್‌ಡಿ ಎಂಬ ಹಳೆಯ ಯುನಿಕ್ಸ್ ಆಪರೇಟಿಂಗ್ ಸಿಸ್ಟಮ್. ಮನೆಗೆ ಬಂದು ನೋಡಿದವರು, ಆಮೇಲೆ ತಾವೂ ಒಂದನ್ನು ಮಾಡಿಕೊಂಡವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಉತ್ತರಗಳನ್ನು ಇಲ್ಲಿ ಒಂದೆಡೆ ಬರೆದಿಟ್ಟಿದ್ದೇನೆ.

ಎಲ್ಲರೂ ಮೊದಲು ಕೇಳುವುದು “ತಾನಾಗೇ ಶುರುವಾಗೋ ಹಾಗೆ ಮಾಡೋದು ಹೇಗೆ?” ಎಂದು. ಅದು ಒಂದು ಸಂಜೆಯ ಕೆಲಸ. ತಾನಾಗೇ ಸರಿಯಾಗಿ ನಿಲ್ಲುವಂತೆ ಮಾಡುವುದನ್ನು ಕಲಿಯುವಷ್ಟರಲ್ಲಿ ನಾನು ಎರಡು ಡಿಸ್ಕ್ ಇಮೇಜ್ (ಹಳೆಯ ಯಂತ್ರದ ಇಡೀ ಡಿಸ್ಕನ್ನು ಹಿಡಿದಿಡುವ ಫೈಲ್) ಕಳೆದುಕೊಂಡಿದ್ದೆ. ಹಾಗಾಗಿ ಕೆಳಗೆ ನಿಲ್ಲಿಸುವ ವಿಚಾರಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಓದುವ ಮುನ್ನ ಎರಡು ಮಾತು. ಕಮಾಂಡ್‌ಗಳನ್ನೂ ಸೆಟ್ಟಿಂಗ್‌ಗಳ ಹೆಸರುಗಳನ್ನೂ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ; ಕೀಬೋರ್ಡಿನಲ್ಲಿ ಒತ್ತುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಒತ್ತಬೇಕು. ಇನ್ನು, ಎಮ್ಯುಲೇಟರ್ ಓಡುತ್ತಿರುವ ಇಂದಿನ ಕಂಪ್ಯೂಟರನ್ನು ‘ಹೊರಯಂತ್ರ’ ಎಂದೂ ಅದರೊಳಗೆ ಬದುಕಿರುವ ಹಳೆಯದನ್ನು ‘ಒಳಯಂತ್ರ’ ಎಂದೂ ಕರೆದಿದ್ದೇನೆ.

ಯಾವ ಎಮ್ಯುಲೇಟರ್ ಬಗ್ಗೆ ಹೇಳುತ್ತಿದ್ದೀರಿ?

ಮುಖ್ಯವಾಗಿ ಸಿಮ್‌ಎಚ್. ಡಿಜಿಟಲ್ ಈಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನಲ್ಲಿ ದುಡಿದ ಬಾಬ್ ಸಪ್ನಿಕ್ 1993ರಲ್ಲಿ ಶುರುಮಾಡಿದ್ದು. ಹಳೆಯ ಕಂಪ್ಯೂಟರುಗಳು ಗುಜರಿಗೆ ಹೋದರೂ ಅವುಗಳ ಮೇಲೆ ಓಡುತ್ತಿದ್ದ ಸಾಫ್ಟ್‌ವೇರ್ ಓಡುತ್ತಲೇ ಇರಬೇಕು ಎಂಬುದು ಅದರ ಹಿಂದಿನ ಆಸೆ. ಪಿಡಿಪಿ-8, ಪಿಡಿಪಿ-11, ವ್ಯಾಕ್ಸ್, ಆಲ್ಟೇರ್ 8800 ಹೀಗೆ ಹತ್ತಾರು ಯಂತ್ರಗಳನ್ನು ಅದು ಅನುಕರಿಸುತ್ತದೆ. 2022ರಲ್ಲಿ ಓಪನ್ ಸಿಮ್‌ಎಚ್ ಎಂಬ ಕವಲೂ ಹುಟ್ಟಿತು. ಇಲ್ಲಿ ಹೇಳುವುದು 4ನೇ ಸರಣಿಗೆ ಹೊಂದುತ್ತದೆ. ಹಳೆಯ 3ನೇ ಸರಣಿಯಲ್ಲಿ ಕೆಲವು ಸೌಲಭ್ಯಗಳಿಲ್ಲ.

ನನ್ನ ಉದಾಹರಣೆಯ ಒಳಯಂತ್ರ ಪಿಡಿಪಿ-11/70. 1975ರ ಮಾದರಿ, ಗರಿಷ್ಠ 4 ಮೆಗಾಬೈಟ್ ಮೆಮೊರಿ. ಹೊರಯಂತ್ರದಲ್ಲಿ ಡೆಬಿಯನ್ ಮೂಲದ ಲಿನಕ್ಸ್.

ಟರ್ಮಿನಲ್ ಕಿಟಕಿಯಲ್ಲೇ ಓಡಿಸಿದರೆ ಸಾಲದೇ? ಸರ್ವೀಸ್ ಯಾಕೆ ಬೇಕು?

ಆಟ ಆಡುವುದಕ್ಕೆ ಕಿಟಕಿ ಸಾಕು. ಆದರೆ ಈ ಯಂತ್ರಗಳನ್ನು ಕಟ್ಟಿದ್ದೇ ಹತ್ತಾರು ಜನ ಒಟ್ಟಿಗೆ ಬಳಸಲೆಂದು. ಮೂಲೆಯಲ್ಲೊಂದು ಯಂತ್ರ ಸದಾ ಎಚ್ಚರವಾಗಿರುತ್ತಿತ್ತು, ಜನ ತಮ್ಮ ಟರ್ಮಿನಲ್ಲಿನಿಂದ ಬಂದು ಲಾಗಿನ್ ಆಗಿ, ಕೆಲಸ ಮುಗಿಸಿ ಹೋಗುತ್ತಿದ್ದರು. ರಾತ್ರಿ ಕ್ರಾನ್ ಕೆಲಸ (ಗೊತ್ತುಮಾಡಿದ ಹೊತ್ತಿಗೆ ತಾನಾಗೇ ಓಡುವ ಕೆಲಸ) ನಡೆಯುತ್ತಿತ್ತು, ಅಂಚೆ ಬರುತ್ತಿತ್ತು. ಆ ಅನುಭವ ಬೇಕೆಂದರೆ ಒಳಯಂತ್ರ ಯಾರಿಗೂ ಕಾಯದೆ ಎದ್ದು ಕೂತಿರಬೇಕು. ನೀವು ಲಾಗ್‌ಔಟ್ ಆದ ಕೂಡಲೇ ಸಾಯುವ ಯುನಿಕ್ಸ್ ನೋಡಿದರೆ ಅದರ ಸ್ವಭಾವ ತಿಳಿಯುವುದಿಲ್ಲ.

ಸಿಸ್ಟಮ್‌ಡಿ ಯುನಿಟ್ ಫೈಲಿನಲ್ಲಿ ಏನೇನಿರಬೇಕು?

ಲಿನಕ್ಸಿನಲ್ಲಿ ಸರ್ವೀಸುಗಳನ್ನು ಶುರುಮಾಡಿ ನಿಲ್ಲಿಸುವುದು ಸಿಸ್ಟಮ್‌ಡಿ; ಒಂದು ಸರ್ವೀಸನ್ನು ಹೇಗೆ ಓಡಿಸಬೇಕೆಂದು ಅದಕ್ಕೆ ಹೇಳುವುದು ಯುನಿಟ್ ಫೈಲ್. ಕಡಿಮೆ ಸಾಲುಗಳು ಸಾಕು. ಇಟಿಸಿ ಡೈರೆಕ್ಟರಿಯ ಒಳಗೆ ಸಿಸ್ಟಮ್‌ಡಿ, ಅದರೊಳಗೆ ಸಿಸ್ಟಮ್ ಎಂಬ ಡೈರೆಕ್ಟರಿ ಇದೆ. ಅಲ್ಲಿ ಪಿಡಿಪಿ11 ಡಾಟ್ ಸರ್ವೀಸ್ ಎಂಬ ಫೈಲ್ ಮಾಡಿ. ಮೊದಲ ಭಾಗದಲ್ಲಿ ವಿವರಣೆ ಮತ್ತು ‘ಆಫ್ಟರ್’ ಸಾಲು: ನೆಟ್‌ವರ್ಕ್-ಆನ್‌ಲೈನ್ ಮತ್ತು ಟೈಮ್-ಸಿಂಕ್ ಟಾರ್ಗೆಟ್‌ಗಳ (ಬೂಟಿನ ಹಂತಗಳ) ನಂತರ ಎಂದು. ಈ ಸಾಲಿಗೆ ಎರಡನೆಯ ಉಪಯೋಗವೂ ಇದೆ. ಹೊರಯಂತ್ರ ಮುಚ್ಚುವಾಗ ಸಿಸ್ಟಮ್‌ಡಿ ಇದೇ ಕ್ರಮವನ್ನು ತಿರುಗಾಮುರುಗಾ ಮಾಡುತ್ತದೆ, ಅಂದರೆ ನೆಟ್‌ವರ್ಕ್ ಹೋಗುವ ಮೊದಲೇ ನಿಮ್ಮ ಒಳಯಂತ್ರಕ್ಕೆ ನಿಲ್ಲುವ ಸಮಯ ಸಿಗುತ್ತದೆ.

ಎರಡನೆಯ ಭಾಗ ಸರ್ವೀಸಿನದು. ‘ಯೂಸರ್’ ಸಾಲಿನಲ್ಲಿ ಇದಕ್ಕೆಂದೇ ಮಾಡಿದ ಬಳಕೆದಾರನ ಹೆಸರು ಕೊಡಿ. ಎಲ್ಲ ಹಕ್ಕೂ ಇರುವ ರೂಟ್ ಬೇಡವೇ ಬೇಡ. ‘ವರ್ಕಿಂಗ್‌ಡೈರೆಕ್ಟರಿ’ ಸಾಲು ತಪ್ಪಿಸಬೇಡಿ. ಬಹಳ ಜನರ ಸಿಮ್‌ಎಚ್ ಕಮಾಂಡ್ ಫೈಲಿನಲ್ಲಿ (ಶುರುವಾಗುವಾಗ ಅದು ಓದುವ ಕಮಾಂಡ್‌ಗಳ ಪಟ್ಟಿಯಲ್ಲಿ) ಡಿಸ್ಕ್ ಇಮೇಜಿನ ಹೆಸರು ಮಾತ್ರ ಇರುತ್ತದೆ, ಪೂರ್ತಿ ದಾರಿ ಇರುವುದಿಲ್ಲ. ಸರ್ವೀಸ್ ತನ್ನಷ್ಟಕ್ಕೆ ಮೂಲ ಡೈರೆಕ್ಟರಿಯಲ್ಲಿ ಶುರುವಾಗುತ್ತದೆ, ಅಲ್ಲಿ ಇಮೇಜ್ ಸಿಗುವುದಿಲ್ಲ. “ಕೈಯಿಂದ ಓಡಿಸಿದರೆ ಓಡುತ್ತೆ, ಸರ್ವೀಸಾಗಿ ಓಡಲ್ಲ” ಎನ್ನುವ ದೂರುಗಳಲ್ಲಿ ಅರ್ಧದಷ್ಟು ಇದೇ. ಆಮೇಲೆ ‘ಎಕ್ಸೆಕ್‌ಸ್ಟಾರ್ಟ್’, ‘ಎಕ್ಸೆಕ್‌ಸ್ಟಾಪ್’, ‘ಟೈಮ್‌ಔಟ್‌ಸ್ಟಾಪ್‌ಸೆಕ್’, ‘ರಿಸ್ಟಾರ್ಟ್’. ಇವುಗಳನ್ನು ಮುಂದೆ ಒಂದೊಂದಾಗಿ ನೋಡೋಣ.

ಕೊನೆಯ ಭಾಗದಲ್ಲಿ ‘ವಾಂಟೆಡ್‌ಬೈ’ ಎದುರು ಮಲ್ಟಿ-ಯೂಸರ್ ಟಾರ್ಗೆಟ್. ಫೈಲ್ ಉಳಿಸಿ ಸಿಸ್ಟಮ್‌ಸಿಟಿಎಲ್ ಡೀಮನ್-ರೀಲೋಡ್ ಕೊಡಿ, ಆಮೇಲೆ ಸಿಸ್ಟಮ್‌ಸಿಟಿಎಲ್ ಎನೇಬಲ್. ಎನೇಬಲ್ ಎಂದರೆ ಮುಂದಿನ ಬೂಟಿನಿಂದ. ಈಗಲೇ ಬೇಕಿದ್ದರೆ ಸ್ಟಾರ್ಟ್ ಕೂಡ ಕೊಡಬೇಕು.

ಶುರುವಾದ ಮರುಕ್ಷಣವೇ ಸರ್ವೀಸ್ ಸತ್ತುಹೋಗುತ್ತದೆ. ಯಾಕೆ?

ಸಿಮ್‌ಎಚ್ ತನ್ನನ್ನು ಶುರುಮಾಡಿದ ಟರ್ಮಿನಲ್ಲನ್ನೇ ಒಳಯಂತ್ರದ ಕನ್ಸೋಲ್ (ಯಂತ್ರವನ್ನು ನಡೆಸುವ ಮುಖ್ಯ ಟರ್ಮಿನಲ್) ಎಂದು ತಿಳಿಯುತ್ತದೆ. ಸರ್ವೀಸಿಗೆ ಟರ್ಮಿನಲ್ಲೇ ಇಲ್ಲ. ಸಿಸ್ಟಮ್‌ಡಿ ಅದರ ಇನ್‌ಪುಟ್ಟನ್ನು ಡೆವ್-ನಲ್ ಎಂಬ ಖಾಲಿ ಸಾಧನಕ್ಕೆ ಜೋಡಿಸಿರುತ್ತದೆ. ಓದಲು ಹೋದರೆ ‘ಮುಗಿಯಿತು’ ಎಂಬ ಉತ್ತರ, ಸಿಮ್‌ಎಚ್ ಹೊರಟುಹೋಗುತ್ತದೆ. ಆದ್ದರಿಂದ ಕನ್ಸೋಲಿಗೆ ಒಂದು ಮನೆ ಮಾಡಿಕೊಡಬೇಕು. ದಾರಿ ಎರಡು.

ಒಂದು, ಸಿಮ್‌ಎಚ್‌ನದೇ ಟೆಲ್‌ನೆಟ್ ಕನ್ಸೋಲ್, ಅಂದರೆ ನೆಟ್‌ವರ್ಕ್ ಮೂಲಕ ಬಂದು ಸೇರುವ ಕನ್ಸೋಲ್. ಕಮಾಂಡ್ ಫೈಲಿನಲ್ಲಿ ಸೆಟ್ ಕನ್ಸೋಲ್ ಟೆಲ್‌ನೆಟ್ ಎಂದು ಪೋರ್ಟ್ ಸಂಖ್ಯೆ ಕೊಡುತ್ತೀರಿ. ಅಷ್ಟೇ ಬರೆದು ಬಿಟ್ಟರೆ ಯಾರಾದರೂ ಬಂದು ಆ ಪೋರ್ಟಿಗೆ ಸೇರುವ ತನಕ ಅದು ಕಾಯುತ್ತದೆ, ಓಡುತ್ತಿರುವಾಗ ಸಂಪರ್ಕ ಕಡಿದರೆ ಒಳಯಂತ್ರವೂ ನಿಂತುಬಿಡುತ್ತದೆ. ಅದಕ್ಕೇ ‘ಬಫರ್ಡ್’ ಎಂಬ ಆಯ್ಕೆಯನ್ನೂ ಕೊಡಬೇಕು. ಆಗ ಯಾರು ನೋಡಲಿ ಬಿಡಲಿ ಅದು ಓಡುತ್ತದೆ.

ಇನ್ನೊಂದು, ಸ್ಕ್ರೀನ್ ಅಥವಾ ಟಿಮಕ್ಸ್ ಎಂಬ, ಯಾರೂ ನೋಡದಿದ್ದರೂ ಟರ್ಮಿನಲ್ಲನ್ನು ಜೀವಂತ ಇಡುವ ಪ್ರೋಗ್ರಾಮಿನ ಒಳಗೆ ಓಡಿಸುವುದು. ಆಸ್ಕರ್ ವರ್ಮೂಲೆನ್ ಅವರ ಪಿಡಿಪಿ-11 ಮುಂಫಲಕದ ಕಿಟ್ ಬಹಳ ಮಂದಿಗೆ ಗೊತ್ತಿರುತ್ತದೆ. ಮೂಲದ ಹತ್ತರಲ್ಲಿ ಆರು ಪಾಲು ಅಳತೆ, ದೀಪಗಳು, ಸ್ವಿಚ್ಚುಗಳು, ಹಿಂದೆ ಒಂದು ರಾಸ್ಪ್‌ಬೆರಿ ಪೈ. ಅದರಲ್ಲೂ ಸಿಮ್‌ಎಚ್ ಓಡುವುದು ಸ್ಕ್ರೀನ್ ಒಳಗೇ.

ಎರಡರಲ್ಲಿ ನೀವು ಯಾವುದನ್ನು ಆರಿಸುತ್ತೀರಿ?

ಸ್ಕ್ರೀನ್. ಕಾರಣ ಹೇಳುತ್ತೇನೆ. ಟೆಲ್‌ನೆಟ್ ಕನ್ಸೋಲಿಗೆ ಒಂದೇ ಸಂಪರ್ಕ; ಒಬ್ಬರು ಒಳಗಿದ್ದರೆ ಎರಡನೆಯವರಿಗೆ ಜಾಗವಿಲ್ಲ ಎಂಬ ಉತ್ತರ ಸಿಗುತ್ತದೆ. ಮೊದಲು ನಾನು ಟೆಲ್‌ನೆಟ್ ಕನ್ಸೋಲನ್ನೇ ಬಳಸುತ್ತಿದ್ದೆ, ನಿಲ್ಲಿಸುವ ಸ್ಕ್ರಿಪ್ಟ್ ಅದೇ ಪೋರ್ಟಿನ ಮೂಲಕ ಹೋಗಿ ಶಟ್‌ಡೌನ್ ಕೊಡುತ್ತಿತ್ತು. ಒಂದು ದಿನ ಲ್ಯಾಪ್‌ಟಾಪಿನಿಂದ ಕನ್ಸೋಲಿಗೆ ಸೇರಿ, ಹಾಗೇ ಮುಚ್ಚಳ ಮುಚ್ಚಿ ಊಟಕ್ಕೆ ಹೋದೆ. ಆ ಹೊತ್ತಿನಲ್ಲಿ ಪೈ ರೀಬೂಟ್ ಆಗಬೇಕಾಯಿತು. ಸ್ಕ್ರಿಪ್ಟಿಗೆ ಒಳಗೆ ಪ್ರವೇಶವೇ ಸಿಗಲಿಲ್ಲ, ಸಮಯ ಮೀರಿತು, ಸಿಸ್ಟಮ್‌ಡಿ ಸಿಮ್‌ಎಚ್‌ನ ಕತ್ತು ಹಿಸುಕಿತು. ಮೊದಲ ಡಿಸ್ಕ್ ಇಮೇಜ್ ಹೋದದ್ದು ಹಾಗೆ.

ಸ್ಕ್ರೀನಿಗೆ ಎಷ್ಟು ಜನ ಬೇಕಾದರೂ ಸೇರಬಹುದು. ಯಾರೂ ಸೇರದೆಯೂ ‘ಸ್ಟಫ್’ ಎಂಬ ಕಮಾಂಡಿನಿಂದ ಹೊರಗಿನಿಂದಲೇ ಅಕ್ಷರಗಳನ್ನು ಕನ್ಸೋಲಿಗೆ ತುರುಕಬಹುದು. ಎಕ್ಸೆಕ್‌ಸ್ಟಾರ್ಟ್‌ನಲ್ಲಿ ಸ್ಕ್ರೀನನ್ನು ದೊಡ್ಡ ಅಕ್ಷರದ ಡಿ ಮತ್ತು ಚಿಕ್ಕ ಎಂ ಜೊತೆಗೆ ಕೊಡಿ. ಚಿಕ್ಕ ಡಿ ಕೊಟ್ಟರೆ ಸ್ಕ್ರೀನ್ ತಾನು ಕವಲೊಡೆದು ಹಿಂದಕ್ಕೆ ಸರಿಯುತ್ತದೆ. ‘ಸಿಂಪಲ್’ ಬಗೆಯ ಸರ್ವೀಸಿನಲ್ಲಿ ಸಿಸ್ಟಮ್‌ಡಿ ಅದನ್ನು ‘ಮುಗಿಯಿತು’ ಎಂದೇ ತಿಳಿಯುತ್ತದೆ. ಆ ಒಂದು ಅಕ್ಷರದ ದೊಡ್ಡದು ಚಿಕ್ಕದರಲ್ಲಿ ಒಂದು ಭಾನುವಾರ ಕಳೆಯಬಹುದು.

ಬೂಟ್ ಪ್ರಾಂಪ್ಟಿನಲ್ಲೇ ನಿಂತಿರುತ್ತದೆ. ಅಲ್ಲಿ ಟೈಪ್ ಮಾಡುವವರು ಯಾರು?

ಆ ಕಾಲದಲ್ಲಿ ಆಪರೇಟರ್ ಎಂಬವರೊಬ್ಬರು ಇರುತ್ತಿದ್ದರು. ಯುನಿಕ್ಸ್ 6ನೇ ಆವೃತ್ತಿ ಒಂದು ‘ಆಟ್’ ಚಿಹ್ನೆ ತೋರಿಸಿ ಸುಮ್ಮನೆ ಕೂರುತ್ತದೆ, ನೀವು ಕರ್ನಲ್ಲಿನ, ಅಂದರೆ ಯುನಿಕ್ಸಿನ ತಿರುಳಿನ ಪ್ರೋಗ್ರಾಮಿನ, ಹೆಸರು ಹೊಡೆಯಬೇಕು. 7ನೇ ಆವೃತ್ತಿಯಲ್ಲಿ ಬೂಟ್ ಎಂದು ಹೊಡೆದರೆ ತನಗೆ ಗೊತ್ತಿರುವ ಸಾಧನಗಳ ಪಟ್ಟಿ ಹೇಳಿ ಕೋಲನ್ ಚಿಹ್ನೆಯ ಮುಂದೆ ಕಾಯುತ್ತದೆ. ಯಾವ ಡಿಸ್ಕಿನ ಯಾವ ಫೈಲ್ ಎಂದು ತಿಳಿಸಬೇಕು. ಅದಾದ ಮೇಲೂ ಸಿಗುವುದು ಒಬ್ಬರೇ ಬಳಸುವ ಸ್ಥಿತಿಯ ಹ್ಯಾಶ್ ಪ್ರಾಂಪ್ಟ್. ಅಲ್ಲಿ ಕಂಟ್ರೋಲ್-ಡಿ ಒತ್ತಿದರಷ್ಟೇ ಎಲ್ಲರಿಗೂ ಬಾಗಿಲು ತೆರೆದು ಲಾಗಿನ್ ಬರುತ್ತದೆ.

ಈ ಆಪರೇಟರ್ ಕೆಲಸವನ್ನು ಸಿಮ್‌ಎಚ್ 4ರ ‘ಎಕ್ಸ್‌ಪೆಕ್ಟ್’ ಮತ್ತು ‘ಸೆಂಡ್’ ಕಮಾಂಡ್‌ಗಳು ಮಾಡುತ್ತವೆ. ಈ ಅಕ್ಷರಗಳು ತೆರೆಯ ಮೇಲೆ ಬಂದರೆ ಆ ಅಕ್ಷರಗಳನ್ನು ಕಳಿಸಿ ಮುಂದುವರಿ, ಎಂದು ಕಮಾಂಡ್ ಫೈಲಿನಲ್ಲಿ ಬೂಟ್ ಸಾಲಿಗಿಂತ ಮೊದಲೇ ಬರೆದಿಡಬೇಕು. ಮೊದಲು ಕೈಯಾರೆ ಹತ್ತು ಸಲ ಬೂಟ್ ಮಾಡಿ, ಪ್ರತಿ ಹಂತದಲ್ಲಿ ತೆರೆಯ ಮೇಲೆ ಬರುವ ಅಕ್ಷರಗಳನ್ನು ಕಾಗದದ ಮೇಲೆ ಬರೆದುಕೊಳ್ಳಿ. ಕಂಟ್ರೋಲ್-ಡಿ ಸಾಲಿಗೆ ಬರೀ ಹ್ಯಾಶ್ ಚಿಹ್ನೆಯನ್ನು ಗುರುತಾಗಿಟ್ಟರೆ ಬೇರೆಲ್ಲೋ ಹ್ಯಾಶ್ ಬಂದಾಗಲೂ ಅದು ಹೋಗಿ ನಿಮ್ಮನ್ನು ಲಾಗ್‌ಔಟ್ ಮಾಡುತ್ತದೆ. ಆದಷ್ಟು ಉದ್ದದ, ಅಪರೂಪದ ಗುರುತನ್ನೇ ಆರಿಸಿ.

ಪೈ ಸದಾ ಬಿಸಿಯಾಗಿರುತ್ತದೆ, ಒಂದು ಕೋರ್ ಪೂರ್ತಿ ಶೇಕಡ 100ರಲ್ಲಿ ಓಡುತ್ತಿದೆ.

ಕಮಾಂಡ್ ಫೈಲಿನಲ್ಲಿ ಸೆಟ್ ಸಿಪಿಯು ಐಡಲ್ ಎಂಬ ಸಾಲು ಸೇರಿಸಿ. ಒಳಯಂತ್ರಕ್ಕೆ ಕೆಲಸ ಇಲ್ಲದಿದ್ದಾಗ ಯುನಿಕ್ಸ್ ‘ವೇಟ್’ ಎಂಬ ನಿರ್ದೇಶನ ಕೊಟ್ಟು ಮುಂದಿನ ಇಂಟರಪ್ಟಿಗೆ, ಅಂದರೆ ಯಾವುದಾದರೂ ಸಾಧನದ ಕರೆಗೆ, ಕಾಯುತ್ತದೆ. ಐಡಲ್ ಇದ್ದರೆ ಸಿಮ್‌ಎಚ್ ಅದನ್ನು ಗುರುತಿಸಿ ತಾನೂ ನಿದ್ದೆಗೆ ಜಾರುತ್ತದೆ. ಇಲ್ಲದಿದ್ದರೆ ಆ ಕಾಯುವಿಕೆಯನ್ನೂ ಮೈಮುರಿದು ಅನುಕರಿಸುತ್ತದೆ. ಹಗಲೂ ರಾತ್ರಿ ಓಡುವ ಸರ್ವೀಸಿಗೆ ಈ ಸಾಲು ಅನ್ನಕ್ಕೆ ಉಪ್ಪಿದ್ದ ಹಾಗೆ.

ಸಿಸ್ಟಮ್‌ಸಿಟಿಎಲ್ ಸ್ಟಾಪ್ ಕೊಟ್ಟರೆ ಒಳಗಿನ ಯುನಿಕ್ಸ್ ಸರಿಯಾಗಿ ಮುಚ್ಚಿಕೊಳ್ಳುತ್ತದೆಯೇ?

ಇಲ್ಲ. ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ಸಿಸ್ಟಮ್‌ಡಿಗೆ ಗೊತ್ತಿರುವುದು ಹೊರಗಿನ ಒಂದು ಪ್ರೊಸೆಸ್ ಮಾತ್ರ. ಅದು ‘ನಿಲ್ಲು’ ಎನ್ನುವ ಸಿಗ್‌ಟರ್ಮ್ ಸಂಕೇತ ಕಳಿಸುತ್ತದೆ, ಸಿಮ್‌ಎಚ್ ನಿಲ್ಲುತ್ತದೆ. ಒಳಗಿನ ಯುನಿಕ್ಸಿಗೆ ಯಾರೂ ಏನೂ ಹೇಳಿಲ್ಲ. ಅದರ ಮಟ್ಟಿಗೆ ಯಾರೋ ಬಂದು ಗೋಡೆಯಿಂದ ಪ್ಲಗ್ ಕಿತ್ತಂತೆ. ಯುನಿಕ್ಸ್ ಬರೆಯಬೇಕಾದ್ದನ್ನು ಮೆಮೊರಿಯಲ್ಲಿ ಇಟ್ಟುಕೊಂಡಿರುತ್ತದೆ; ‘ಅಪ್‌ಡೇಟ್’ ಎಂಬ ಪ್ರೊಸೆಸ್ 30 ಸೆಕೆಂಡಿಗೊಮ್ಮೆ ಅದನ್ನು ಡಿಸ್ಕಿಗೆ ಇಳಿಸುತ್ತದೆ. ನಡುವೆ ಪ್ಲಗ್ ಕಿತ್ತರೆ ಅರ್ಧ ನಿಮಿಷದ ಕೆಲಸ ಹೋಗುವುದಷ್ಟೇ ಅಲ್ಲ, ಫೈಲಿನ ವಿವರ ಒಂದು ಕಡೆ ಬರೆದು ಇನ್ನೊಂದು ಕಡೆ ಬರೆಯದೆ ಉಳಿದಿರುತ್ತದೆ. 2.11 ಬಿಎಸ್‌ಡಿಯಲ್ಲಿ ಎಫ್‌ಎಸ್‌ಸಿಕೆ ಎಂಬ ಡಿಸ್ಕ್ ಸರಿಪಡಿಸುವ ಉಪಕರಣ ಇದೆ, ಬಹುಪಾಲು ಜೋಡಿಸುತ್ತದೆ. 7ನೇ ಆವೃತ್ತಿಯಲ್ಲಿ ಐಚೆಕ್, ಡಿಚೆಕ್ ಎಂಬ ಬಿಡಿ ಉಪಕರಣಗಳಿಂದ ನೀವೇ ಕೂತು ಸರಿಪಡಿಸಬೇಕು.

ಇನ್ನೊಂದು ಅಪಾಯ ಸಿಮ್‌ಎಚ್‌ನೊಳಗೇ ಇದೆ, ಬಹಳ ಜನಕ್ಕೆ ತಿಳಿದಿಲ್ಲ. ಡೆಕ್‌ಟೇಪ್, ಆರ್‌ಎಕ್ಸ್ ಫ್ಲಾಪಿಯಂತಹ ಚಿಕ್ಕ ಸಾಧನಗಳ ಇಮೇಜನ್ನು ಸಿಮ್‌ಎಚ್ ಪೂರ್ತಿಯಾಗಿ ಮೆಮೊರಿಗೆ ಎತ್ತಿಕೊಳ್ಳುತ್ತದೆ. ಜೋಡಿಸುವಾಗ ‘ಫೈಲನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತಿದ್ದೇನೆ’ ಎಂದು ಹೇಳಿಯೂ ಹೇಳುತ್ತದೆ. ಮತ್ತೆ ಫೈಲಿಗೆ ಬರೆಯುವುದು ಡಿಟ್ಯಾಚ್ ಮಾಡಿದಾಗ ಅಥವಾ ಸಿಮ್‌ಎಚ್ ಕ್ರಮವಾಗಿ ಹೊರಟಾಗ. ಬಲವಂತವಾಗಿ ಕೊಲ್ಲುವ ಸಿಗ್‌ಕಿಲ್ ಸಂಕೇತದಿಂದ ಸತ್ತರೆ ಅವತ್ತು ಟೇಪಿಗೆ ಬರೆದದ್ದೆಲ್ಲ ಹೋಯಿತು. ಪಿಡಿಪಿ-8ರಲ್ಲಿ ಡೆಕ್‌ಟೇಪ್ ಮೇಲೆ ಕೆಲಸ ಮಾಡುವವರು ಇದನ್ನು ಮರೆಯಬಾರದು.

ಹಾಗಾದರೆ ಸರಿಯಾಗಿ ನಿಲ್ಲಿಸುವ ಸ್ಕ್ರಿಪ್ಟ್ ಹೇಗಿರಬೇಕು?

ಎಕ್ಸೆಕ್‌ಸ್ಟಾಪ್‌ನಲ್ಲಿ ಒಂದು ಚಿಕ್ಕ ಸ್ಕ್ರಿಪ್ಟ್ ಕೊಡಿ. ಅದು ಸ್ಕ್ರೀನಿನ ಸ್ಟಫ್ ಮೂಲಕ ಕನ್ಸೋಲಿನಲ್ಲಿ ರೂಟ್ ಆಗಿ ಲಾಗಿನ್ ಆಗಿ, ಶಟ್‌ಡೌನ್ ಕಮಾಂಡನ್ನು ಹಾಲ್ಟ್ ಆಯ್ಕೆಯ ಜೊತೆ, ‘ಈಗಲೇ’ ಎಂದು ಕೊಡಬೇಕು. ಯುನಿಕ್ಸ್ ಎಲ್ಲ ಬರೆದು ಮುಗಿಸಿ ಕೊನೆಗೆ ಹಾಲ್ಟ್ ನಿರ್ದೇಶನ ಕೊಡುತ್ತದೆ. ಆಗ ಸಿಮ್‌ಎಚ್ ಒಳಯಂತ್ರವನ್ನು ನಿಲ್ಲಿಸಿ ಕಮಾಂಡ್ ಫೈಲಿನಲ್ಲಿ ಬೂಟ್ ಆದ ಮೇಲಿನ ಸಾಲಿಗೆ ಬರುತ್ತದೆ. ಅಲ್ಲಿ ಎಕ್ಸಿಟ್ ಎಂದು ಬರೆದಿಟ್ಟಿದ್ದರೆ ಸಿಮ್‌ಎಚ್ ತಾನಾಗೇ ಕ್ರಮವಾಗಿ ಹೊರಡುತ್ತದೆ, ಟೇಪುಗಳನ್ನೂ ಬರೆಯುತ್ತದೆ, ಸ್ಕ್ರೀನೂ ಮುಗಿಯುತ್ತದೆ. ಆ ಎಕ್ಸಿಟ್ ಸಾಲು ಇಲ್ಲದಿದ್ದರೆ ಸಿಮ್‌ಎಚ್ ತನ್ನ ಪ್ರಾಂಪ್ಟ್ ತೋರಿಸಿಕೊಂಡು ಯಾರಿಗೋ ಕಾಯುತ್ತಾ ಕೂರುತ್ತದೆ.

ಇಲ್ಲಿ ಮೂರು ಕಡೆ ಎಡವುತ್ತಾರೆ.

ಸ್ಕ್ರಿಪ್ಟ್ ಕಾಯಬೇಕು. ಎಕ್ಸೆಕ್‌ಸ್ಟಾಪ್ ಮುಗಿದ ಕೂಡಲೇ ಸಿಸ್ಟಮ್‌ಡಿ ಇನ್ನೂ ಉಳಿದಿರುವ ಪ್ರೊಸೆಸ್‌ಗಳಿಗೆ ಸಿಗ್‌ಟರ್ಮ್ ಕಳಿಸುತ್ತದೆ. ನಿಮ್ಮ ಸ್ಕ್ರಿಪ್ಟ್ ಶಟ್‌ಡೌನ್ ಎಂದು ಹೊಡೆದು ಮರಳಿದರೆ, ಯುನಿಕ್ಸ್ ಮೊದಲ ಬ್ಲಾಕ್ ಬರೆಯುವಷ್ಟರಲ್ಲಿ ಕತ್ತಿ ಬಿದ್ದಿರುತ್ತದೆ. ಸಿಮ್‌ಎಚ್ ಪ್ರೊಸೆಸ್ ನಿಜವಾಗಿ ಮಾಯವಾಗುವ ತನಕ ಸೆಕೆಂಡಿಗೊಮ್ಮೆ ನೋಡುತ್ತಾ ಸ್ಕ್ರಿಪ್ಟ್ ಅಲ್ಲೇ ಇರಬೇಕು.

ಸಮಯ ಸಾಲಬೇಕು. ನಿಲ್ಲುವುದಕ್ಕೆ ಸಿಸ್ಟಮ್‌ಡಿ ಸಾಮಾನ್ಯವಾಗಿ ಕೊಡುವುದು 90 ಸೆಕೆಂಡು, ಆಮೇಲೆ ಬಲವಂತ. ನಾನು ಟೈಮ್‌ಔಟ್‌ಸ್ಟಾಪ್‌ಸೆಕ್‌ನಲ್ಲಿ 300 ಇಟ್ಟಿದ್ದೇನೆ. ಇಷ್ಟು ಬೇಕಾಗುವುದಿಲ್ಲ, ಆದರೂ ಕಡಿಮೆ ಮಾಡುವ ಮನಸ್ಸಿಲ್ಲ.

ಕನ್ಸೋಲ್ ಯಾವ ಸ್ಥಿತಿಯಲ್ಲಿದೆ ಎಂದು ಗೊತ್ತಿರಬೇಕು. ನೀವು ಕನ್ಸೋಲಿನಲ್ಲಿ ವಿಐ ಎಂಬ ಎಡಿಟರ್ ತೆರೆದಿಟ್ಟು ಹೋಗಿದ್ದರೆ ಸ್ಕ್ರಿಪ್ಟ್ ಕಳಿಸಿದ ರೂಟ್, ಪಾಸ್‌ವರ್ಡ್, ಶಟ್‌ಡೌನ್ ಎಲ್ಲವೂ ನಿಮ್ಮ ಫೈಲಿನೊಳಗೆ ಹೋಗುತ್ತವೆ. ಅದಕ್ಕೆ ನಾನು ಕಂಡುಕೊಂಡ ಪರಿಹಾರ ಸರಳ: ಕನ್ಸೋಲನ್ನು ನಿಲ್ಲಿಸುವುದಕ್ಕೆಂದೇ ಮೀಸಲಿಟ್ಟೆ. ದಿನನಿತ್ಯದ ಕೆಲಸಕ್ಕೆ ಡಿಜೆಡ್11 ಎಂಬ ಟರ್ಮಿನಲ್ ಸಾಲುಗಳಿವೆ. ಮೂಲ ಬೋರ್ಡಿನಲ್ಲಿ 8 ಸಾಲು. ಅಟ್ಯಾಚ್ ಡಿಜೆಡ್ ಎಂದು ಒಂದು ಪೋರ್ಟ್ ಕೊಟ್ಟರೆ ಟೆಲ್‌ನೆಟ್ ಮಾಡಿದವರೆಲ್ಲ ಒಂದೊಂದು ಸಾಲಿನಲ್ಲಿ ಬಂದು ಕೂರುತ್ತಾರೆ. ಕನ್ಸೋಲಿನಲ್ಲಿ ಲಾಗಿನ್ ಪ್ರಾಂಪ್ಟ್ ಬಿಟ್ಟು ಬೇರೇನೂ ಇರುವುದಿಲ್ಲ.

ಹಳಬರು ಸಿಂಕ್ ಎಂದು ಮೂರು ಸಲ ಹೊಡೆಯುವುದನ್ನು ನೀವು ನೋಡಿರಬಹುದು. ಅದು ಮಂತ್ರವಲ್ಲ. ಸಿಂಕ್ ಬರೆಯುವ ಕೆಲಸವನ್ನು ಸಾಲಿಗೆ ಹಚ್ಚಿ ಕೂಡಲೇ ಮರಳುತ್ತಿತ್ತು, ಬರೆದು ಮುಗಿಯುವ ತನಕ ನಿಲ್ಲುತ್ತಿರಲಿಲ್ಲ. ಬೇರೆ ಬೇರೆ ಸಾಲಿನಲ್ಲಿ ಮೂರು ಸಲ ಟೈಪ್ ಮಾಡುವಷ್ಟು ಹೊತ್ತಿನಲ್ಲಿ ಡಿಸ್ಕ್ ತನ್ನ ಕೆಲಸ ಮುಗಿಸಿರುತ್ತಿತ್ತು. ಸ್ಕ್ರಿಪ್ಟಿನಲ್ಲಿ ಮೂರನ್ನೂ ಒಂದೇ ಉಸಿರಿಗೆ ಕಳಿಸಿದರೆ ಆ ಉಪಯೋಗ ಇಲ್ಲ; ನಡುವೆ ಎರಡೆರಡು ಸೆಕೆಂಡು ಬಿಡಿ. ಶಟ್‌ಡೌನ್ ಕಮಾಂಡ್ ಇಲ್ಲದ 7ನೇ ಆವೃತ್ತಿಗೆ ಇದೇ ದಾರಿ: ಸಿಂಕ್, ಬಿಡುವು, ಸಿಂಕ್, ಬಿಡುವು, ಆಮೇಲೆ ಕಂಟ್ರೋಲ್-ಇ ಕಳಿಸಿ ಸಿಮ್‌ಎಚ್ ಪ್ರಾಂಪ್ಟಿಗೆ ಬಂದು ಎಕ್ಸಿಟ್.

ರಿಸ್ಟಾರ್ಟ್ ಎದುರು ‘ಆಲ್ವೇಸ್’ ಎಂದು ಹಾಕಬಹುದೇ?

ಹಾಕಿದರೆ ನೀವು ಒಳಗಿನಿಂದ ಶಟ್‌ಡೌನ್ ಕೊಟ್ಟಾಗಲೂ ಯಂತ್ರ ಮತ್ತೆ ಎದ್ದು ನಿಲ್ಲುತ್ತದೆ. ‘ಆನ್-ಫೇಲ್ಯೂರ್’ ಸಾಕು. ನನ್ನ ಅಭಿಪ್ರಾಯ ಕೇಳಿದರೆ ಅದೂ ಬೇಡ. ಸಿಮ್‌ಎಚ್ ಅಕಾಲದಲ್ಲಿ ಸತ್ತಿದೆ ಎಂದರೆ ಡಿಸ್ಕ್ ಇಮೇಜ್ ಅಸ್ತವ್ಯಸ್ತವಾಗಿರುವ ಸಾಧ್ಯತೆ ಇದೆ. ಪರೀಕ್ಷಿಸದೆ ಮತ್ತೆ ಮತ್ತೆ ಬೂಟ್ ಮಾಡಿದರೆ ಗಾಯದ ಮೇಲೆ ಗಾಯ. ಸತ್ತರೆ ಸತ್ತಂತೇ ಇರಲಿ, ನಾನು ಬಂದು ನೋಡುತ್ತೇನೆ.

ಕರೆಂಟು ಹೋದರೆ?

ನನ್ನ ಎರಡನೆಯ ಇಮೇಜ್ ಹೋದದ್ದು ಏಪ್ರಿಲ್ ತಿಂಗಳ ಒಂದು ಗುಡುಗು ಮಳೆಯ ಸಂಜೆ. ಮನೆಯಲ್ಲಿ ಇನ್ವರ್ಟರ್ ಇತ್ತು, ದೀಪ ಫ್ಯಾನು ಯಾವುದೂ ನಿಲ್ಲಲಿಲ್ಲ. ಆದರೆ ಇನ್ವರ್ಟರ್ ಬ್ಯಾಟರಿಗೆ ಬದಲಾಯಿಸುವ ಆ ಒಂದು ಕ್ಷಣದ ಬಿಡುವಿನಲ್ಲಿ ಪೈ ಆರಿಹೋಗಿ ಮತ್ತೆ ಹತ್ತಿತು. ಆ ಸಂಜೆ ಅದು ನಾಲ್ಕೈದು ಸಲ ಆಯಿತು. ಸರ್ವೀಸ್ ಎನೇಬಲ್ ಆಗಿದ್ದರಿಂದ ಒಳಯಂತ್ರವೂ ಪ್ರತಿ ಸಲ ಎದ್ದಿತು, ಪ್ರತಿ ಸಲ ಬೂಟಿನ ನಡುವೆ ಬಿದ್ದಿತು. ಬೆಳಿಗ್ಗೆ ಎಫ್‌ಎಸ್‌ಸಿಕೆ ಓಡಿಸಿದಾಗ ಲಾಸ್ಟ್-ಫೌಂಡ್ ಡೈರೆಕ್ಟರಿ ತುಂಬ ಹೆಸರಿಲ್ಲದ ಫೈಲುಗಳು.

ನಮ್ಮ ಮನೆಗಳ ಬಹಳಷ್ಟು ಇನ್ವರ್ಟರುಗಳ ಹಿಂದೆ ಯುಪಿಎಸ್ ಮೋಡ್ ಎಂಬ ಸ್ವಿಚ್ ಇರುತ್ತದೆ. ಅದರಿಂದ ಬದಲಾವಣೆಯ ಬಿಡುವು ಕಡಿಮೆಯಾಗುತ್ತದೆ. ಮೊದಲು ಅದನ್ನು ನೋಡಿ. ಆದರೆ ಇನ್ವರ್ಟರಿಗೂ ಪೈಗೂ ಮಾತುಕತೆ ಇಲ್ಲ. ಬ್ಯಾಟರಿ ಮುಗಿಯುತ್ತಿದೆ ಎಂದು ಅದು ಹೇಳುವುದಿಲ್ಲ. ಯುಎಸ್‌ಬಿ ಕೇಬಲ್ ಇರುವ ಚಿಕ್ಕ ಯುಪಿಎಸ್ ತಂದು, ಲಿನಕ್ಸಿನಲ್ಲಿ ನಟ್ ಎಂಬ ಯುಪಿಎಸ್ ಉಪಕರಣಗಳನ್ನು ಹಾಕಿದರೆ ಬ್ಯಾಟರಿ ಇಳಿದಾಗ ಹೊರಯಂತ್ರ ಕ್ರಮವಾಗಿ ಮುಚ್ಚಿಕೊಳ್ಳುತ್ತದೆ. ಹೊರಯಂತ್ರ ಮುಚ್ಚುವಾಗ ನಿಮ್ಮ ಎಕ್ಸೆಕ್‌ಸ್ಟಾಪ್ ಓಡುತ್ತದೆ, ಒಳಯಂತ್ರವೂ ಮುಚ್ಚಿಕೊಳ್ಳುತ್ತದೆ. ಮೇಲೆ ಪಟ್ಟ ಶ್ರಮವೆಲ್ಲ ಇಲ್ಲಿ ಫಲ ಕೊಡುತ್ತದೆ.

ಜೊತೆಗೆ, ಹೊರಯಂತ್ರ ಬೂಟ್ ಆದ ಮೇಲೆ ಎರಡು ನಿಮಿಷ ತಡೆದು ಒಳಯಂತ್ರ ಶುರುವಾಗುವಂತೆ ಒಂದು ಸ್ಲೀಪ್ ಇಟ್ಟಿದ್ದೇನೆ. ಕರೆಂಟು ಬಂದು ಹೋಗಿ ಮಾಡುವ ಸಂಜೆಗಳಲ್ಲಿ ಅಷ್ಟರಿಂದಲೇ ಡಿಸ್ಕ್ ಉಳಿಯುತ್ತದೆ. ಇದನ್ನು ಹಾಕಿದರೆ ಶುರುವಾಗುವ ಸಮಯದ ಮಿತಿ, ಟೈಮ್‌ಔಟ್‌ಸ್ಟಾರ್ಟ್‌ಸೆಕ್, ಅದನ್ನೂ ಹೆಚ್ಚಿಸಬೇಕು.

ಒಳಗಿನ ತಾರೀಖು ಸದಾ ತಪ್ಪು ತೋರಿಸುತ್ತದೆ.

ಆ ಯಂತ್ರಗಳಲ್ಲಿ ಬಹುಪಾಲಿಗೆ ಬ್ಯಾಟರಿ ಗಡಿಯಾರವೇ ಇರಲಿಲ್ಲ. ವಿದ್ಯುತ್ತಿನ ಮಿಡಿತ ಎಣಿಸುವ ಲೈನ್ ಕ್ಲಾಕ್ ಮಾತ್ರ ಇತ್ತು. ಯುನಿಕ್ಸ್ ಡಿಸ್ಕಿನ ಸೂಪರ್‌ಬ್ಲಾಕಿನಲ್ಲಿ ಕೊನೆಗೆ ಬರೆದ ಸಮಯವನ್ನು ಎತ್ತಿಕೊಂಡು ಅಲ್ಲಿಂದ ಮುಂದೆ ಎಣಿಸುತ್ತದೆ. ಆಪರೇಟರ್ ಬಂದು ಡೇಟ್ ಕಮಾಂಡಿನಿಂದ ಸರಿಪಡಿಸಬೇಕಿತ್ತು. ಸಿಮ್‌ಎಚ್ 4ರ ಕಮಾಂಡ್ ಫೈಲಿನಲ್ಲಿ ಹೊರಯಂತ್ರದ ತಾರೀಖು, ಗಂಟೆ, ನಿಮಿಷ ಸಿಗುವ ವೇರಿಯಬಲ್‌ಗಳಿವೆ. ಬೂಟಿನ ನಂತರ ಹ್ಯಾಶ್ ಪ್ರಾಂಪ್ಟಿನಲ್ಲಿ ಡೇಟ್ ಕಮಾಂಡ್ ಕಳಿಸಲು ಅವನ್ನೇ ಬಳಸಿ. ರಾಸ್ಪ್‌ಬೆರಿ ಪೈ 4ರ ತನಕ ಹೊರಯಂತ್ರಕ್ಕೂ ಸ್ವಂತ ಗಡಿಯಾರ ಇಲ್ಲ, ಅಂತರ್ಜಾಲದಿಂದ ಸಮಯ ಬರಬೇಕು. ಆಫ್ಟರ್ ಸಾಲಿನಲ್ಲಿ ಟೈಮ್-ಸಿಂಕ್ ಹಾಕಿದ್ದು ಅದಕ್ಕೇ. 2.11 ಬಿಎಸ್‌ಡಿ 2000 ದಾಟಿದ ವರ್ಷಗಳನ್ನು ಒಪ್ಪುತ್ತದೆ. 7ನೇ ಆವೃತ್ತಿಯ ಡೇಟ್ ಎರಡಂಕಿಯ ವರ್ಷವನ್ನು 1900ರ ಮೇಲೆ ಕೂಡಿಸುತ್ತದೆ.

ನಮ್ಮ ಐದೂವರೆ ಗಂಟೆಯ ಬಗ್ಗೆಯೂ ಕೇಳುತ್ತಾರೆ. 7ನೇ ಆವೃತ್ತಿಯಲ್ಲಿ ಸಮಯವಲಯ ಕರ್ನಲ್ ಜೊತೆಗೇ ಕಂಪೈಲ್ ಆಗುತ್ತದೆ: ಗ್ರೀನಿಚ್‌ನಿಂದ ಪಶ್ಚಿಮಕ್ಕೆ ಎಷ್ಟು ನಿಮಿಷ ಎಂದು. ಮೂಲದಲ್ಲಿ ಇರುವುದು ಬೆಲ್ ಲ್ಯಾಬ್ಸ್ ಇದ್ದ ನ್ಯೂಜೆರ್ಸಿಯ 300. ಗಂಟೆಯಲ್ಲಿ ಬರೆಯದೆ ನಿಮಿಷದಲ್ಲಿ ಬರೆದದ್ದು ನಮಗೆ ಒಳ್ಳೆಯದಾಯಿತು. ಮೈನಸ್ 330 ಎಂದು ಬದಲಿಸಿ, ಬೇಸಿಗೆ ಸಮಯದ ಗುರುತನ್ನು ಸೊನ್ನೆ ಮಾಡಿ, ಕರ್ನಲ್ ಮತ್ತೆ ಕಟ್ಟಿದರೆ ಆಯಿತು. ಆ ಒಂದು ಅಂಕಿ ಬದಲಿಸಿ, 1979ರ ಯುನಿಕ್ಸ್ ನಮ್ಮ ಗೋಡೆ ಗಡಿಯಾರದ ಸಮಯವನ್ನೇ ಹೇಳಿದಾಗ ನನಗಾದ ಸಂತೋಷ ಇನ್ನೂ ನೆನಪಿದೆ.

ಇದನ್ನು ಅಂತರ್ಜಾಲಕ್ಕೆ ತೆರೆದಿಡಬಹುದೇ?

ನೇರವಾಗಿ ಬೇಡ. ಟೆಲ್‌ನೆಟ್ ಎಲ್ಲವನ್ನೂ ಬಿಚ್ಚಿಟ್ಟು ಸಾಗಿಸುತ್ತದೆ. ಹಳೆಯ ಯುನಿಕ್ಸಿನ ಪಾಸ್‌ವರ್ಡ್ ರಕ್ಷಣೆ ಅಂದಿನ ಯಂತ್ರಗಳ ವೇಗಕ್ಕೆ ತಕ್ಕದ್ದು. ಯುನಿಕ್ಸ್ ಕಟ್ಟಿದವರಲ್ಲಿ ಒಬ್ಬರಾದ ಕೆನ್ ಥಾಂಪ್ಸನ್ ಅವರ ಹಳೆಯ ಪಾಸ್‌ವರ್ಡನ್ನೇ 2019ರಲ್ಲಿ ಬಿಡಿಸಿದರು, ಅದು ಚದುರಂಗದ ಮೊದಲ ನಡೆಯೊಂದನ್ನು ಬರೆಯುವ ರೀತಿಯಾಗಿತ್ತು. ಪೋರ್ಟುಗಳನ್ನು ಫೈರ್‌ವಾಲ್ ಹಿಂದೆ ಇಡಿ. ಗೆಳೆಯರು ಎಸ್‌ಎಸ್‌ಎಚ್ ಮೂಲಕ ಹೊರಯಂತ್ರಕ್ಕೆ ಬಂದು ಅಲ್ಲಿಂದ ಒಳಕ್ಕೆ ಹೋಗಲಿ.

ಒಳಯಂತ್ರಕ್ಕೆ ಈಥರ್‌ನೆಟ್ ಕೊಡುವುದಾದರೆ ಅದಕ್ಕೆಂದು ರೂಟ್ ಆಗಿ ಓಡಿಸಬೇಡಿ. ಸೆಟ್‌ಕ್ಯಾಪ್ ಎಂಬ ಲಿನಕ್ಸ್ ಕಮಾಂಡಿನಿಂದ ಬೇಕಾದ ನೆಟ್‌ವರ್ಕ್ ಹಕ್ಕನ್ನಷ್ಟೇ ಆ ಪ್ರೋಗ್ರಾಮಿಗೆ ಕೊಡಬಹುದು. ವೈಫೈ ಮೇಲೆ ನೇರ ಸೇತುವೆ ಸಾಮಾನ್ಯವಾಗಿ ನಡೆಯುವುದಿಲ್ಲ, ಬೇರೆ ಮ್ಯಾಕ್ ವಿಳಾಸದ (ನೆಟ್‌ವರ್ಕ್ ಕಾರ್ಡಿನ ಗುರುತಿನ) ಪೊಟ್ಟಣಗಳನ್ನು ರೌಟರ್ ಬಿಡುವುದಿಲ್ಲ. ಆಗ ಸಿಮ್‌ಎಚ್‌ನ ನ್ಯಾಟ್ ಆಯ್ಕೆ (ಹೊರಯಂತ್ರದ ವಿಳಾಸದಲ್ಲೇ ಹೊರಗೆ ಹೋಗುವುದು) ಬಳಸಿ. ಅದಕ್ಕೆ ಯಾವ ವಿಶೇಷ ಹಕ್ಕೂ ಬೇಡ.

ಐಬಿಎಂ ಮೇನ್‌ಫ್ರೇಮ್ ಅನುಕರಿಸುವ ಹರ್ಕ್ಯುಲಿಸ್‌ಗೂ ಇದೇ ಕ್ರಮವೇ?

ತತ್ವ ಅದೇ, ಹಂತಗಳು ಬೇರೆ. ರೋಜರ್ ಬೌಲರ್ ಶುರುಮಾಡಿದ ಹರ್ಕ್ಯುಲಿಸ್‌ಗೆ ಡೀಮನ್ ಆಯ್ಕೆ ಮೊದಲೇ ಇದೆ, ಹಾಗಾಗಿ ಸ್ಕ್ರೀನಿನ ಹಂಗಿಲ್ಲದೆ ಶುರುಮಾಡಬಹುದು. ಅದರ ಮೇಲೆ ಎಂವಿಎಸ್ 3.8 ಎಂಬ ಆಪರೇಟಿಂಗ್ ಸಿಸ್ಟಮ್ ಓಡಿಸುವವರು ನಿಲ್ಲಿಸುವಾಗ ಕ್ರಮ ತಪ್ಪಿಸಬಾರದು: ಮೊದಲು ಟಿಎಸ್‌ಒ (ಟರ್ಮಿನಲ್ಲಿನಿಂದ ಬಳಸುವ ವ್ಯವಸ್ಥೆ) ಬಳಕೆದಾರರನ್ನು ಕಳಿಸಿ ಟಿಎಸ್‌ಒ ನಿಲ್ಲಿಸಬೇಕು, ಕೆಲಸಗಳು ಮುಗಿದ ಮೇಲೆ ಅವುಗಳ ಸರದಿ ನೋಡಿಕೊಳ್ಳುವ ಜೆಇಎಸ್2 ನಿಲ್ಲಿಸಬೇಕು, ಆಮೇಲೆ ಜೆಡ್ ಇಒಡಿ ಎಂಬ ಕಮಾಂಡ್. ಇಷ್ಟಾದ ಮೇಲೆ ಹರ್ಕ್ಯುಲಿಸ್ ಮುಚ್ಚಬೇಕು.

ವಿಂಡೋಸ್ ಅಥವಾ ಮ್ಯಾಕ್‌ನಲ್ಲಿ?

ವಿಂಡೋಸಿನಲ್ಲಿ ಟಾಸ್ಕ್ ಶೆಡ್ಯೂಲರ್ ಸುಲಭ: ಕಂಪ್ಯೂಟರ್ ಶುರುವಾದಾಗ, ಯಾರೂ ಲಾಗಿನ್ ಆಗದಿದ್ದರೂ ಓಡಲಿ ಎಂದು ಆರಿಸಬಹುದು. ಎನ್‌ಎಸ್‌ಎಸ್‌ಎಂ ಎಂಬ ಉಪಕರಣ ಯಾವ ಪ್ರೋಗ್ರಾಮನ್ನಾದರೂ ಸರ್ವೀಸಾಗಿ ಸುತ್ತಿಕೊಡುತ್ತದೆ. ಅಲ್ಲಿ ಸ್ಕ್ರೀನ್ ಇಲ್ಲದ ಕಾರಣ ಬಫರ್ಡ್ ಟೆಲ್‌ನೆಟ್ ಕನ್ಸೋಲೇ ಗತಿ. ಮ್ಯಾಕ್‌ನಲ್ಲಿ 2005ರಿಂದ ಲಾಂಚ್‌ಡಿ ಇದೆ; ಲಾಂಚ್‌ಡೀಮನ್ಸ್ ಡೈರೆಕ್ಟರಿಯಲ್ಲಿ ಪಿಲಿಸ್ಟ್ ಫೈಲ್ ಇಡಬೇಕು. ಎರಡರಲ್ಲೂ ಯಂತ್ರ ಮುಚ್ಚುವಾಗ ನಿಧಾನವಾಗಿ ಕಾಯುವ ಸ್ಕ್ರಿಪ್ಟಿಗೆ ಸಿಸ್ಟಮ್‌ಡಿಯಷ್ಟು ಒಳ್ಳೆಯ ಜಾಗ ಇಲ್ಲ. ಹೊರಯಂತ್ರ ಮುಚ್ಚುವ ಮೊದಲು ಒಳಯಂತ್ರವನ್ನು ಕೈಯಾರೆ ಮುಚ್ಚುವ ಅಭ್ಯಾಸ ಮಾಡಿಕೊಳ್ಳಿ.

ಕೊಮೊಡೋರ್ 64ನ ವೈಸ್ ಎಮ್ಯುಲೇಟರನ್ನೂ ಹೀಗೆ ಸರ್ವೀಸ್ ಮಾಡಬಹುದೇ?

ಅದರ ಜೀವ ಇರುವುದೇ ತೆರೆ ಮತ್ತು ಸದ್ದಿನಲ್ಲಿ. ಸರ್ವೀಸಿಗೆ ತೆರೆ ಸಿಗುವುದಿಲ್ಲ. ವಿಂಡೋಸಿನಲ್ಲಿ ವಿಸ್ಟಾ ಬಂದಾಗಿನಿಂದ ಸರ್ವೀಸುಗಳನ್ನು ಬಳಕೆದಾರರ ತೆರೆಯಿಂದ ಬೇರ್ಪಡಿಸಿದ್ದಾರೆ. ಲಾಗಿನ್ ಆದ ಮೇಲೆ ತಾನಾಗಿ ತೆರೆಯುವಂತೆ ಆಟೋಸ್ಟಾರ್ಟಿಗೆ ಹಾಕಿ, ಅದೇ ಸರಿಯಾದ ಜಾಗ.

ಈ ಸಾಫ್ಟ್‌ವೇರ್ ಬಳಸುವುದು ಕಾನೂನುಬದ್ಧವೇ?

ಹಳೆಯ ಯುನಿಕ್ಸ್, ಅಂದರೆ 7ನೇ ಆವೃತ್ತಿಯ ತನಕ, 2002ರ ಜನವರಿಯಲ್ಲಿ ಕಾಲ್ಡೆರಾ ಕಂಪನಿ ಉದಾರ ಪರವಾನಗಿಯಡಿ ಬಿಟ್ಟುಕೊಟ್ಟಿತು. ಎಟಿ ಅಂಡ್ ಟಿಯ ಕೋಡ್ ಇದ್ದ 2.11 ಬಿಎಸ್‌ಡಿಗೂ ಆಮೇಲೆ ಅಡ್ಡಿ ಇಲ್ಲವಾಯಿತು. ವ್ಯಾಕ್ಸ್ ಮೇಲಿನ ವಿಎಂಎಸ್ ಆಪರೇಟಿಂಗ್ ಸಿಸ್ಟಮ್ ಹಾಗಲ್ಲ; ಹವ್ಯಾಸಿಗಳಿಗೆ ಕೊಡುತ್ತಿದ್ದ ಉಚಿತ ಪರವಾನಗಿಯನ್ನು ನಿಲ್ಲಿಸುವುದಾಗಿ 2020ರಲ್ಲಿ ತಿಳಿಸಿದರು. ವ್ಯಾಕ್ಸ್ ಬೇಕಿದ್ದರೆ ಉಚಿತವಾಗಿ ಸಿಗುವ ನೆಟ್‌ಬಿಎಸ್‌ಡಿ ಓಡಿಸಿ.

ಬ್ಯಾಕಪ್ ಯಾವಾಗ ತೆಗೆಯಬೇಕು?

ಒಳಯಂತ್ರ ಓಡುತ್ತಿರುವಾಗ ಇಮೇಜ್ ಫೈಲನ್ನು ನಕಲು ಮಾಡಿದರೆ ಸಿಗುವುದು ಅರ್ಧ ಬರೆದ ಡಿಸ್ಕ್. ಮೇಲಿನ ನಿಲ್ಲಿಸುವ ಸ್ಕ್ರಿಪ್ಟ್ ಸಿದ್ಧವಿದ್ದರೆ ಬ್ಯಾಕಪ್ ತಾನಾಗೇ ಸುಲಭ: ಸಿಸ್ಟಮ್‌ಡಿ ಟೈಮರಿನಿಂದ ವಾರಕ್ಕೊಮ್ಮೆ ಬೆಳಗಿನ ಜಾವ ಸರ್ವೀಸ್ ನಿಲ್ಲಿಸಿ, ಇಮೇಜನ್ನು ಬೇರೆ ಡಿಸ್ಕಿಗೆ ನಕಲಿಸಿ, ಮತ್ತೆ ಶುರುಮಾಡಿ. ಆರ್‌ಪಿ06 ಡಿಸ್ಕಿನ ಇಮೇಜ್ ಇನ್ನೂರು ಮೆಗಾಬೈಟಿನ ಒಳಗೇ ಇರುತ್ತದೆ, ಒಂದು ನಿಮಿಷದ ಕೆಲಸ. ನಕಲನ್ನು ಎಸ್‌ಡಿ ಕಾರ್ಡಿನ ಮೇಲೇ ಇಡಬೇಡಿ. ಸಿಮ್‌ಎಚ್‌ನ ಹೊಸ ಆವೃತ್ತಿಗಳು ಇಮೇಜಿನ ಕೊನೆಯಲ್ಲಿ ತಮ್ಮದೇ ಮಾಹಿತಿ ಸೇರಿಸಬಹುದು. ಹಾಗಾಗಿ ಬೇರೆ ಎಮ್ಯುಲೇಟರಿಗೆ ಒಯ್ಯಬೇಕಾದ ಮೂಲ ಪ್ರತಿಯನ್ನು, ಸಿಮ್‌ಎಚ್ ಒಮ್ಮೆಯೂ ಮುಟ್ಟದ ಪ್ರತಿಯನ್ನು, ಓದಲು ಮಾತ್ರ ಎಂದು ಗುರುತು ಹಾಕಿ ಪ್ರತ್ಯೇಕ ಇಟ್ಟಿರಿ.